ಕೂಡ್ಲಿಯಿಂದ ಗಂಗಾಮೂಲದವರೆಗೆ ತುಂಗೆಯ ಜೊತೆ ನಡಿಗೆ: ಕೊನೆ ಮುಟ್ಟದಿದ್ದರೆ ಅದನ್ನು ಸೋಲು ಎನ್ನಬೇಕೆ?

ತುಂಗಾತೀರದವಳು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ತುಂಗೆ, ಭದ್ರೆ ಕೂಡುವ ಕೂಡ್ಲಿಯ ಸಂಗಮದಿಂದ ಹೊರಟು, ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಹರಿಹರಪುರ, ಶೃಂಗೇರಿ, ನೆಮ್ಮಾರು ಹೀಗೆ ತುಂಗೆಯ ದಂಡೆಯ ಊರುಗಳನ್ನೇ ಹಿಡಿದು ಅವಳು ಹುಟ್ಟುವ ಗಂಗಾಮೂಲದವರೆಗೆ ನಡೆದು ಹೋಗಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ನದಿಯ ಉದ್ದ 147 ಕಿಲೋಮೀಟರ್. ರಸ್ತೆ, ಕಾಲುದಾರಿ, ಗದ್ದೆಯ ಬದು ಎಲ್ಲ ಸೇರಿದರೆ ನಡೆಯಬೇಕಾದ ದೂರ ಅದಕ್ಕಿಂತ ಹೆಚ್ಚೇ ಆಗಬಹುದು.

ದಾರಿಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಕಾಡುತ್ತಿರುವುದು ಬೇರೆ ಎರಡು ಪ್ರಶ್ನೆಗಳು. ಮನೆಯಲ್ಲಿ ಎಲ್ಲರೂ "ಯಾಕೆ?" ಎಂದು ಕೇಳುತ್ತಾರೆ, ಬಸ್ಸಿದೆ, ಕಾರಿದೆ, ಇಷ್ಟು ದೂರ ನಡೆದು ಸಾಧಿಸುವುದೇನು ಎಂಬುದು ಅವರ ಮಾತು. ಅವರಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿಲ್ಲ. ಇನ್ನೊಂದು ಪ್ರಶ್ನೆ ನನ್ನ ಜೊತೆ ಚಾರಣಕ್ಕೆ ಬರುವ ಗೆಳತಿಯರದು. ತೀರ್ಥಹಳ್ಳಿಯಲ್ಲಿ ಮಂಡಿ ಕೈಕೊಟ್ಟು ಬಸ್ಸು ಹತ್ತಿ ಮನೆಗೆ ಬಂದರೆ ತುಂಗೆಯ ನಡಿಗೆ ಮಾಡಿದ್ದೇನೆ ಎಂದು ಹೇಳಿಕೊಳ್ಳಬಾರದು ಎನ್ನುತ್ತಾರೆ. ಆ ಮಾತನ್ನು ಒಪ್ಪಲೂ ಆಗುತ್ತಿಲ್ಲ, ತಳ್ಳಿಹಾಕಲೂ ಆಗುತ್ತಿಲ್ಲ. ದೂರದ ನಡಿಗೆ ಮಾಡಿದವರು ದಯವಿಟ್ಟು ಹೇಳಿ: ನೀವು ಯಾಕೆ ನಡೆದಿರಿ? ಯಾವುದನ್ನು ಗೆಲುವು ಎಂದುಕೊಂಡಿರಿ?

ನಿವೃತ್ತ ಮೇಷ್ಟ್ರು, ಭದ್ರಾವತಿ

ನಿಮ್ಮ ಗೆಳತಿಯರ ಮಾತು ಸರಿಯಾಗಿದೆ. ಗಂಗಾಮೂಲ ಎಂದು ಹೆಸರಿಟ್ಟು ಹೊರಟ ಮೇಲೆ ಗಂಗಾಮೂಲವನ್ನು ಮುಟ್ಟಬೇಕು. ಇದು ಜಂಬದ ವಿಷಯವಲ್ಲ. ದೂರದ ನಡಿಗೆಯಲ್ಲಿ ಕಾಲಿಗಿಂತ ಮೊದಲು ಸೋಲುವುದು ಮನಸ್ಸು, ಅದೂ ಏರುದಾರಿಯಲ್ಲಿ ಸೋಲುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ, ನೋಡಲು ಏನೂ ಇಲ್ಲದ ಡಾಂಬರು ರಸ್ತೆಯಲ್ಲಿ, ಬೇಸರದಿಂದ ಸೋಲುತ್ತದೆ. ಎಲ್ಲಿ ನಿಂತರೂ ಗೆಲುವೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಆ ಮನಸ್ಸು ಹತ್ತಿರದ ಬಸ್ ನಿಲ್ದಾಣವನ್ನೇ ಗುರಿ ಮಾಡಿಕೊಳ್ಳುತ್ತದೆ. ಗುರಿ ಗಟ್ಟಿಯಾಗಿದ್ದಷ್ಟೂ ಹೆಜ್ಜೆ ಗಟ್ಟಿಯಾಗಿರುತ್ತದೆ.

ಸಾಗರದ ಚಾರಣಿಗ

ಮೇಷ್ಟ್ರೇ, ಬೇಸರದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದರಿಂದ ನೀವು ತಲುಪಿದ ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಗುರಿ ಗಟ್ಟಿಯಾಗಿದ್ದರೂ ಕಾರಣ ಟೊಳ್ಳಾಗಿದ್ದರೆ ಮನಸ್ಸು ಸೋತೇ ಸೋಲುತ್ತದೆ. ಕೊಡಚಾದ್ರಿಗೆ ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವಾಗ ನನ್ನ ಜೊತೆ ಬಂದ ಹುಡುಗರಲ್ಲಿ ಮೊದಲು ಕುಸಿದು ಕುಳಿತವರು ಕಾಲಿನ ಶಕ್ತಿ ಕಡಿಮೆ ಇದ್ದವರಲ್ಲ, ಗೆಳೆಯರ ಒತ್ತಾಯಕ್ಕೆ ಬಂದವರು.

ಬೆಂಗಳೂರಿನಲ್ಲಿರುವ ಮಲೆನಾಡಿಗ

ಅಮೆರಿಕದ ಅಪಲಾಚಿಯನ್ ಟ್ರೇಲ್ ನಡೆಯುವವರಲ್ಲಿ ಈ ವಾದ ಬಹಳ ಹಳೆಯದು. ಆ ಕಾಲುದಾರಿಯ ಕಲ್ಪನೆಯನ್ನು ಬೆಂಟನ್ ಮೆಕೈ 1921ರಲ್ಲಿ ಮುಂದಿಟ್ಟರು, 1937ರಲ್ಲಿ ಅದು ಪೂರ್ತಿಯಾಯಿತು. ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ, 14 ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರ್ ಸಾಗುವ ದಾರಿ ಅದು. ಒಂದೇ ಉಸಿರಿನಲ್ಲಿ ಪೂರ್ತಿ ನಡೆಯಬೇಕೆಂದು ಹೊರಡುವವರಲ್ಲಿ ಕೊನೆ ಮುಟ್ಟುವವರು ಸರಿಸುಮಾರು ನಾಲ್ಕರಲ್ಲಿ ಒಬ್ಬರು. ಮೇಷ್ಟ್ರ ಲೆಕ್ಕದಲ್ಲಿ ಉಳಿದ ಮೂವರೂ ಸೋತವರು. ತಿಂಗಳುಗಟ್ಟಲೆ ಮಳೆಯಲ್ಲಿ, ಚಳಿಯಲ್ಲಿ, ಬೆನ್ನ ಮೇಲೆ ಮನೆ ಹೊತ್ತು ನಡೆದವರನ್ನು ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಆ ದಾರಿಯನ್ನು ನೋಡಿಕೊಳ್ಳುವ ಸಂಸ್ಥೆ ಪೂರ್ತಿ ನಡೆದವರ ಹೆಸರನ್ನು ದಾಖಲಿಸುವಾಗ ಎಷ್ಟು ದಿನ ತೆಗೆದುಕೊಂಡಿರಿ, ಯಾವ ದಿಕ್ಕಿನಿಂದ ನಡೆದಿರಿ, ಒಂದೇ ಸಲಕ್ಕೋ ವರ್ಷಕ್ಕಿಷ್ಟರಂತೆಯೋ ಎಂದು ಭೇದ ಮಾಡುವುದಿಲ್ಲ. ನಡೆದವರ ಮಾತನ್ನೇ ನಂಬುತ್ತದೆ. ಬಹಳ ವರ್ಷ ತೆಗೆದುಕೊಂಡು ತುಂಡು ತುಂಡಾಗಿ ನಡೆದವರಿಗೂ ಅಲ್ಲಿ ಅದೇ ಮರ್ಯಾದೆಯಿದೆ.

ನಿವೃತ್ತ ಮೇಷ್ಟ್ರು, ಭದ್ರಾವತಿ

ನೀವು ಹೇಳಿದ್ದರಲ್ಲೇ ನನ್ನ ಉತ್ತರವಿದೆ. ತುಂಡಾಗಿ ನಡೆದರೂ ಅವರು ಪೂರ್ತಿ ನಡೆದರು, ಆ ಸಂಸ್ಥೆ ದಾಖಲಿಸುವುದೂ ಪೂರ್ತಿ ನಡೆದವರ ಹೆಸರನ್ನೇ. ನಡುವೆ ನಿಲ್ಲಿಸಿದವರನ್ನು ನಾನು ಅವಮಾನಿಸುತ್ತಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗನನ್ನು ದಡ್ಡನೆಂದು ನಾನು ನನ್ನ ಕೆಲಸದ ಅವಧಿಯಲ್ಲಿ ಎಂದೂ ಕರೆದವನಲ್ಲ. ಹಾಗೆಂದು ಪಾಸಾಗಿದ್ದಾನೆ ಎಂದೂ ಬರೆದುಕೊಡಲಿಲ್ಲ.

ತೀರ್ಥಹಳ್ಳಿಯ ಓದುಗಿ

ಅಪಲಾಚಿಯನ್ ದಾರಿಯ ಮಾತು ಬಂದದ್ದರಿಂದ ಇಬ್ಬರ ಬಗ್ಗೆ ಹೇಳುತ್ತೇನೆ, ಏಕೆಂದರೆ ತುಂಗಾತೀರದವರ ಮೊದಲ ಪ್ರಶ್ನೆಗೆ, ಅಂದರೆ "ಯಾಕೆ" ಎಂಬುದಕ್ಕೆ, ಇಲ್ಲಿ ಇನ್ನೂ ಯಾರೂ ಸರಿಯಾಗಿ ಉತ್ತರಿಸಿಲ್ಲ.

ಆ ದಾರಿಯನ್ನು ಒಂದೇ ಸಲಕ್ಕೆ ನಡೆದರೆಂದು ಮೊದಲು ವರದಿಯಾದವರು ಅರ್ಲ್ ಶೇಫರ್. ಅದು 1948ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು, ಆಪ್ತ ಗೆಳೆಯನನ್ನು ಆ ಯುದ್ಧದಲ್ಲೇ ಕಳೆದುಕೊಂಡವರು. ಸೈನ್ಯವನ್ನು ತಮ್ಮ ಮೈಮನಸ್ಸಿನಿಂದ ನಡೆದೇ ಹೊರಹಾಕಬೇಕೆಂದು ಹೊರಟರು. ಇನ್ನೊಬ್ಬರು ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳನ್ನು ಸಾಕಿ, ಗಂಡನ ಹೊಡೆತ ಬಡಿತಗಳನ್ನು ವರ್ಷಾನುಗಟ್ಟಲೆ ಸಹಿಸಿ, ಕೊನೆಗೆ ಆ ಸಂಸಾರದಿಂದ ಬಿಡುಗಡೆ ಪಡೆದ ಹೆಂಗಸು. 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ತೊಟ್ಟು, ತಾವೇ ಹೊಲಿದ ಚೀಲವನ್ನು ಹೆಗಲಿಗೇರಿಸಿ ಒಬ್ಬರೇ ಪೂರ್ತಿ ನಡೆದರು. ಇಬ್ಬರ ದಾರಿಯೂ ಒಂದೇ, ಹೊರಟ ಕಾರಣಗಳು ಮಾತ್ರ ಬೇರೆ ಬೇರೆ. ಕಟಾಡಿನ್ ಬೆಟ್ಟದ ತುದಿ ಶೇಫರ್ ಅವರಿಗೆ ಕೊಟ್ಟದ್ದನ್ನೇ ಗೇಟ್‌ವುಡ್ ಅವರಿಗೂ ಕೊಟ್ಟಿತು ಎಂದು ಹೇಗೆ ಹೇಳುವುದು?

ಮೇಷ್ಟ್ರಿಗೆ ಒಂದು ಮಾತು. ಅದೇ ಗೇಟ್‌ವುಡ್ 1954ರಲ್ಲಿ ಒಮ್ಮೆ ಹೊರಟು, ದಾರಿ ತಪ್ಪಿ, ಆರಂಭದಲ್ಲೇ ಮನೆಗೆ ಮರಳಬೇಕಾಯಿತು. ಆ ವರ್ಷ ಅವರು ನಿಮ್ಮ ಪಟ್ಟಿಯಲ್ಲಿ ಎಲ್ಲಿರುತ್ತಿದ್ದರು?

ನಿವೃತ್ತ ಮೇಷ್ಟ್ರು, ಭದ್ರಾವತಿ

ಇನ್ನೂ ಮುಗಿಸದವರ ಪಟ್ಟಿಯಲ್ಲಿ. ಮರುವರ್ಷ ಬಂದು ಮುಗಿಸಿದ್ದರಿಂದಲೇ ನಾವು ಇವತ್ತು ಅವರ ಹೆಸರು ಹೇಳುತ್ತಿದ್ದೇವೆ, ತಂಗೀ.

ತೀರ್ಥಹಳ್ಳಿಯ ಓದುಗಿ

ನಾವು ಹೆಸರು ಹೇಳುವುದಕ್ಕಾಗಿ ಅವರು ನಡೆದರು ಎಂದು ನಾನು ನಂಬುವುದಿಲ್ಲ, ಮೇಷ್ಟ್ರೇ.

ಹೊಸನಗರ ಕಾನುಮನೆ

ನಮ್ಮ ಮನೆ ಕೊಡಚಾದ್ರಿಯ ತಪ್ಪಲಿನಲ್ಲಿದೆ. ಇಲ್ಲಿ ಕೂತು ನೋಡುವವನಾಗಿ ಹೇಳುತ್ತೇನೆ: ತುದಿ ಮುಟ್ಟಲೇಬೇಕೆಂಬ ಹಟದಿಂದ ತೊಂದರೆಗೆ ಸಿಲುಕಿದವರು ಹಲವರು. 1,343 ಮೀಟರ್ ಎತ್ತರವೆಂದರೆ ಹಿಮಾಲಯದ ಮುಂದೆ ಏನೂ ಅಲ್ಲ. ಆದರೆ ಮಧ್ಯಾಹ್ನ ತಡವಾಗಿ ಹೊರಟವರನ್ನು ಸರ್ವಜ್ಞ ಪೀಠದ ಹತ್ತಿರ ಮಂಜು ಮುಸುಕಿತೆಂದರೆ ಹತ್ತು ಮಾರು ದೂರದ ದಾರಿಯೂ ಕಾಣುವುದಿಲ್ಲ. ನಮ್ಮ ಊರಿನವರು ಟಾರ್ಚು ಹಿಡಿದು, ಕೂಗು ಹಾಕುತ್ತಾ ಅಂಥವರನ್ನು ಹುಡುಕಿ ತಂದಿದ್ದಾರೆ. ಸಿಕ್ಕವರ ಮೊದಲ ಮಾತು ಹೆಚ್ಚಾಗಿ ಒಂದೇ: "ಇನ್ನು ಸ್ವಲ್ಪವೇ ಇತ್ತು."

ನಾವು ಚಿಕ್ಕವರಿದ್ದಾಗ ಅಜ್ಜ ಕಾಡಿಗೆ ಹೊರಡುವ ಮುಂಚೆ ಎಷ್ಟು ಹೊತ್ತಿಗೆ ಹಿಂತಿರುಗಿ ಹೆಜ್ಜೆ ಹಾಕುತ್ತೇನೆಂದು ಮನೆಯಲ್ಲಿ ಹೇಳಿ ಹೋಗುತ್ತಿದ್ದರು; ಆ ಹೊತ್ತಿಗೆ ಅವರು ಎಲ್ಲೇ ಇದ್ದರೂ ಮರಳುತ್ತಿದ್ದರು. ತುಂಗಾತೀರದವರೇ, ಗಂಗಾಮೂಲ ಸಿಗಲಿ, ಸಿಗದಿರಲಿ, ಯಾವ ಸ್ಥಿತಿ ಬಂದರೆ ನಿಲ್ಲುತ್ತೇನೆ ಎಂಬುದನ್ನು ಮನೆಯಲ್ಲಿ ಕೂತಿರುವಾಗಲೇ ಬರೆದಿಟ್ಟುಕೊಳ್ಳಿ. ದಣಿದ ತಲೆಗೆ ಆ ತೀರ್ಮಾನವನ್ನು ಬಿಡಬಾರದು.

ನಿವೃತ್ತ ಮೇಷ್ಟ್ರು, ಭದ್ರಾವತಿ

ಪ್ರಾಣಕ್ಕೆ ಅಪಾಯವಿದ್ದಾಗ ಮರಳಬಾರದು ಎಂದು ನಾನೆಲ್ಲೂ ಹೇಳಿಲ್ಲ. ಮರಳುವುದು ವಿವೇಕ. ವಿವೇಕವನ್ನು ಗೆಲುವು ಎಂದು ಕರೆಯುವ ಅಗತ್ಯವಿಲ್ಲ, ಅದಕ್ಕೆ ಅದರದೇ ಗೌರವವಿದೆ.

ಸಾಗರದ ಚಾರಣಿಗ

ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಪಂಢರಾಪುರದ ದಾರಿ ಕಂಡವ, ಶಿಕಾರಿಪುರ

ನೀವೆಲ್ಲರೂ ಒಂದು ವಿಷಯವನ್ನು ಬಿಟ್ಟು ಮಾತನಾಡುತ್ತಿದ್ದೀರಿ. ನಮ್ಮ ನಾಡಿನಲ್ಲಿ ದೂರ ನಡೆಯುವುದು ಹೊಸದೇನಲ್ಲ. ಯುಗಾದಿಯ ಮುಂಚೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನೋಡಿ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರನ್ನು ನೋಡಿ. ಆಳಂದಿಯಿಂದ ಪಂಢರಾಪುರಕ್ಕೆ ವಿಠ್ಠಲನ ಭಕ್ತರಾದ ವಾರಕರಿಗಳು ಆಷಾಢ ಏಕಾದಶಿಗೆ ಮುಟ್ಟುವಂತೆ ಸುಮಾರು 250 ಕಿಲೋಮೀಟರನ್ನು ಮೂರು ವಾರಗಳಲ್ಲಿ ನಡೆಯುತ್ತಾರೆ. ನಾನೂ ಅವರ ಜೊತೆ ನಡೆದಿದ್ದೇನೆ. ಅಲ್ಲಿ ಯಾರೂ ಯಾರನ್ನೂ "ಯಾಕೆ ನಡೆಯುತ್ತಿದ್ದೀರಿ" ಎಂದು ಕೇಳುವುದಿಲ್ಲ. ಕಾಲು ಊದಿಕೊಂಡ ಮುದುಕಿಯೊಬ್ಬರನ್ನು ಟೆಂಪೋ ಹತ್ತಿಸಿದಾಗ ಅವರ ವಾರಿ, ಅಂದರೆ ಆ ಯಾತ್ರೆ, ಕೆಟ್ಟಿತು ಎಂದು ಯಾರೂ ಅನ್ನಲಿಲ್ಲ. ಮುಂದಿನ ಬಿಡಾರದಲ್ಲಿ ಅವರು ಎಲ್ಲರಿಗಿಂತ ಮೊದಲೇ ಭಜನೆಗೆ ಕೂತಿದ್ದರು.

ಅದೇ ನರ್ಮದಾ ಪರಿಕ್ರಮದ ನಿಯಮ ಬಹಳ ಕಠಿಣ. ನದಿಯನ್ನು ಸದಾ ಬಲಗಡೆಗೆ ಇಟ್ಟುಕೊಂಡು, ಎಲ್ಲಿಯೂ ದಾಟದೆ, ಎರಡೂ ದಂಡೆ ಸೇರಿ ಸುಮಾರು 2,600 ಕಿಲೋಮೀಟರ್ ಸುತ್ತಬೇಕು. ಸಂಪ್ರದಾಯದಂತೆ ಅದಕ್ಕೆ 3 ವರ್ಷ, 3 ತಿಂಗಳು, 13 ದಿನ. ಅಲ್ಲಿ ನದಿ ದಾಟಿದರೆ ಪರಿಕ್ರಮ ಮುರಿಯಿತು ಎಂದೇ ಅರ್ಥ. ಹೀಗೆ ಒಂದು ನಡಿಗೆಯಲ್ಲಿ ಟೆಂಪೋ ಹತ್ತಿದರೂ ನಡೆಯುತ್ತದೆ, ಇನ್ನೊಂದರಲ್ಲಿ ನೀರು ದಾಟಿದರೂ ಕೆಡುತ್ತದೆ. ಪಾದಯಾತ್ರೆಗೆ ಹೋಗುವವರಿಗೆ ಈ ನಿಯಮವನ್ನು ಹಿರಿಯರು ಮಾಡಿಕೊಟ್ಟಿದ್ದಾರೆ. ಕೂಡ್ಲಿಯಿಂದ ಗಂಗಾಮೂಲಕ್ಕೆ ಅಂಥ ನಿಯಮ ಮಾಡಿಟ್ಟವರು ಯಾರೂ ಇಲ್ಲ. ಆದ್ದರಿಂದ ಅದನ್ನು ನೀವೇ ಮಾಡಿಕೊಳ್ಳಬೇಕು, ತಾಯೀ. ಗೆಳತಿಯರು ಮಾಡಿಕೊಟ್ಟ ನಿಯಮದಲ್ಲಿ ನಡೆದರೆ ಅದು ಅವರ ಯಾತ್ರೆಯಾಗುತ್ತದೆ.

ಬೆಂಗಳೂರಿನಲ್ಲಿರುವ ಮಲೆನಾಡಿಗ

ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಬರಹ ಇದು. ನಡೆದ ದಾರಿಯನ್ನು ದಾಖಲಿಸುವ ಸ್ಟ್ರಾವಾ ಆ್ಯಪಿನಲ್ಲಿ ಗೆರೆ ಮೂಡಿಸುವುದಕ್ಕಾಗಿ, ರೀಲ್ಸ್ ಹಾಕುವುದಕ್ಕಾಗಿ ನಡೆಯುವವರೂ ಒಂದು ನಿಯಮದಲ್ಲೇ ನಡೆಯುತ್ತಾರೆ, ಆದರೆ ಅದು ನೋಡುಗರು ಮಾಡಿಕೊಟ್ಟ ನಿಯಮ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸೇರಿದ ಜನಸಂದಣಿಯ ದೃಶ್ಯ ನೋಡಿದವರಿಗೆ ಇದು ಗೊತ್ತಿರುತ್ತದೆ. ಅದಾದ ಮೇಲೆಯೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡುವ ದಾರಿ ಹಿಡಿಯಿತು. ಅಷ್ಟು ಜನ 1,712 ಮೀಟರ್ ಹತ್ತಿ ತುದಿ ಮುಟ್ಟಿದರು, ನಿಜ. ಆದರೆ ತುದಿ ಮುಟ್ಟಿದ್ದನ್ನೊಂದೇ ಅಳತೆಯಾಗಿ ಇಟ್ಟುಕೊಂಡರೆ ಆ ಬೆಟ್ಟಕ್ಕೆ ಏನಾಯಿತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಸೊರಬದ ಶುಶ್ರೂಷಕಿ

ಗೆಲುವು ಸೋಲಿನ ಮಾತು ಮುಂದುವರಿಯಲಿ. ನಾನು ದೇಹದ ವಿಷಯ ಹೇಳುತ್ತೇನೆ, ಏಕೆಂದರೆ ದೂರದ ನಡಿಗೆ ನಿಲ್ಲುವುದು ಬಹಳ ಸಲ ಸಣ್ಣ ಕಾರಣಕ್ಕೆ.

ಮೊದಲನೆಯದು ಪಾದದ ಗುಳ್ಳೆ. ಹಿಮ್ಮಡಿಯಲ್ಲಿ ಬಿಸಿ ಬಿಸಿಯಾಗಿ ಉಜ್ಜಿದಂತೆ ಅನ್ನಿಸಿದ ಕೂಡಲೇ ನಿಲ್ಲಬೇಕು, "ಮುಂದಿನ ಊರಿನಲ್ಲಿ ನೋಡೋಣ" ಎನ್ನಬಾರದು. ರಸ್ತೆ ಬದಿಯಲ್ಲಿ ಕೂತು ಬೂಟು, ಕಾಲುಚೀಲ ಎರಡನ್ನೂ ತೆಗೆದು, ಪಾದವನ್ನು ಒಣಗಿಸಿ, ಕೆಂಪಾದ ಜಾಗದ ಮೇಲೆ ಸುಕ್ಕಿಲ್ಲದಂತೆ ಟೇಪು ಅಂಟಿಸಬೇಕು. ಕಾಲುಚೀಲದ ಹೊಲಿಗೆ ಅದೇ ಜಾಗಕ್ಕೆ ತಾಗುತ್ತಿದ್ದರೆ ಒಳಗಿನದನ್ನು ಹೊರಗೆ ಮಾಡಿ ಹಾಕಿಕೊಳ್ಳಬೇಕು. ದಿನವಿಡೀ ನಡೆದಾಗ ಪಾದ ಊದುತ್ತದೆ, ಆದ್ದರಿಂದ ಬೂಟನ್ನು ಸಂಜೆಯ ಹೊತ್ತು, ಬೆರಳಿನ ಮುಂದೆ ಸ್ವಲ್ಪ ಜಾಗವಿರುವಂತೆ ನೋಡಿ ಕೊಳ್ಳಿ. ಇಳಿಜಾರಿನಲ್ಲಿ ಮಂಡಿಗೆ ಭಾರ ಹೆಚ್ಚು ಬೀಳುತ್ತದೆ. ಎರಡು ಕೋಲುಗಳಿದ್ದರೆ ಬಹಳ ಅನುಕೂಲ.

ಎರಡನೆಯದು ನಮ್ಮ ಜಿಲ್ಲೆಯದೇ ವಿಷಯ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಮಳೆ ನಿಂತು ನಡೆಯುವುದಕ್ಕೆ ಹಿತವಾದ ಡಿಸೆಂಬರ್ ನಂತರದ ತಿಂಗಳುಗಳೇ ಕಾಡಿನಲ್ಲಿ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹೆಚ್ಚಾಗುವ ಕಾಲವೂ ಹೌದು. ಮೈತುಂಬ ಬಟ್ಟೆ ಇರಲಿ, ಸತ್ತ ಮಂಗ ಕಂಡ ಕಡೆ ಸುಳಿಯಬೇಡಿ, ತರಗೆಲೆಯ ಮೇಲೆ ಮಲಗಬೇಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೇಳಿ ಪಡೆದು ಹಚ್ಚಿಕೊಳ್ಳಿ. ನಡಿಗೆಯ ನಡುವೆ ಅಥವಾ ಮುಗಿದ ಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಜ್ವರ ಬಂದರೆ ನಡಿಗೆ ನಿಲ್ಲಿಸುವುದು ಚರ್ಚೆಯ ವಿಷಯವೇ ಅಲ್ಲ.

ಕೊಪ್ಪದ ಅಡಿಕೆ ಬೆಳೆಗಾರ

ಉಂಬಳದ (ಜಿಗಣೆಯ) ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನವೆಂಬರ್‌ನಲ್ಲಿ ಹೊರಟರೆ ತೋಟದ ಬದುಗಳಲ್ಲಿ ಇನ್ನೂ ಇರುತ್ತವೆ. ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಾಕಿ ಒಣಗಿಸಿಕೊಂಡರೆ ಹತ್ತುವುದು ಕಡಿಮೆ.

ಸಾಗರದ ಚಾರಣಿಗ

ಸುಣ್ಣ ಇನ್ನೂ ಒಳ್ಳೆಯದು. ಹತ್ತಿದ ಉಂಬಳಕ್ಕೆ ಒಂದು ಚೂರು ತಾಗಿಸಿದರೆ ಸಾಕು, ತಾನೇ ಬಿಡುತ್ತದೆ.

ತುಂಗಾತೀರದವಳು, ಶಿವಮೊಗ್ಗ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಶಿಕಾರಿಪುರದ ಹಿರಿಯರು ಹೇಳಿದಂತೆ ನನ್ನ ನಿಯಮವನ್ನು ನಾನೇ ಮಾಡಿಕೊಳ್ಳಲು ಕೂತಾಗ, ಅದಕ್ಕೆ ಮೊದಲು ಕಾರಣವನ್ನು ಹುಡುಕಬೇಕಾಯಿತು. ನಾನು ಹುಟ್ಟಿದ್ದು, ಓದಿದ್ದು, ಕೆಲಸ ಮಾಡುತ್ತಿರುವುದು ಎಲ್ಲ ತುಂಗೆಯ ನೀರು ಕುಡಿದೇ. ಆದರೂ ಗಾಜನೂರಿನಿಂದ ಮೇಲಿನ ತುಂಗೆಯನ್ನು ನಾನು ನೋಡಿರುವುದು ತೀರ್ಥಹಳ್ಳಿಯ ಬಸ್ಸಿನ ಕಿಟಕಿಯಿಂದ ಮಾತ್ರ. ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆ ಕಿಟಕಿಯಲ್ಲಿ ಬಂದು ಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ಪಕ್ಕದಲ್ಲಿ ಕೂತವರಿಗೆ ತೋರಿಸುವಷ್ಟರಲ್ಲಿ ಮುಗಿದಿರುತ್ತದೆ. ಈ ನದಿಯ ಪಕ್ಕದ ಒಂದೊಂದು ಊರನ್ನೂ ಕಾಲಿನ ವೇಗದಲ್ಲಿ ನೋಡಬೇಕು ಎಂಬುದೇ ನನ್ನ ಕಾರಣ. ಇದಕ್ಕಿಂತ ದೊಡ್ಡದೇನೂ ಇಲ್ಲ.

ಈ ಕಾರಣಕ್ಕೆ ಹೊಂದುವ ನಿಯಮ ಹೀಗಿರಬೇಕು ಅನ್ನಿಸುತ್ತಿದೆ: ಕೂಡ್ಲಿಯಿಂದ ಮುಂದೆ ಒಂದು ತುಂಡು ದಾರಿಯನ್ನೂ ವಾಹನದಲ್ಲಿ ದಾಟಬಾರದು. ಕಾಲು ನೋವಾದರೆ, ರಜೆ ಮುಗಿದರೆ ಮನೆಗೆ ಬರಬಹುದು, ಮತ್ತೆ ಹೋದಾಗ ನಿಲ್ಲಿಸಿದ ಜಾಗದಿಂದಲೇ ಹೊರಡಬೇಕು. ವೇಗದ ಲೆಕ್ಕ ಬೇಡ, ದಿನದ ಲೆಕ್ಕ ಬೇಡ. ಅವಸರದಲ್ಲಿ ಊರೊಂದನ್ನು ನೋಡದೆ ದಾಟಿದರೆ, ಗಂಗಾಮೂಲ ಮುಟ್ಟಿದರೂ ಅದು ನನ್ನ ಲೆಕ್ಕದಲ್ಲಿ ಕೊರತೆಯೇ.

ನಿವೃತ್ತ ಮೇಷ್ಟ್ರು, ಭದ್ರಾವತಿ

ಇದು ನಾನು ಹೇಳಿದ್ದಕ್ಕಿಂತಲೂ ಕಠಿಣವಾದ ನಿಯಮ. ನನಗೆ ಸಂತೋಷವಾಯಿತು. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಮನೆಗೆ ಬಂದವರಿಗೆ ಮತ್ತೆ ಹೊರಡುವುದು ಮೊದಲ ಸಲಕ್ಕಿಂತ ಕಷ್ಟ. ಮನೆಯ ಊಟ, ಹಾಸಿಗೆ, ಆಫೀಸಿನ ಕೆಲಸ ಎಲ್ಲವೂ ಹಿಡಿದು ನಿಲ್ಲಿಸುತ್ತವೆ. ನಿಲ್ಲಿಸಿದ ದಿನವೇ ಮರಳುವ ತಾರೀಖನ್ನು ಬರೆದಿಡಿ.

ತೀರ್ಥಹಳ್ಳಿಯ ಓದುಗಿ

ನಿಮ್ಮ ಕಾರಣ ಚಿಕ್ಕದೆಂದು ದಯವಿಟ್ಟು ಹೇಳಿಕೊಳ್ಳಬೇಡಿ. ನಾನು ಕವಲೇದುರ್ಗದ ಸುತ್ತಿನ ಹಳ್ಳಿಗಳಲ್ಲಿ ಒಬ್ಬಳೇ ನಡೆಯುವವಳು. ಒಮ್ಮೆ ದಣಪೆ ದಾಟಿ ಒಂದು ಮನೆಯ ಅಂಗಳಕ್ಕೆ ಹೋಗಿ ನೀರು ಕೇಳಿದಾಗ ಆ ಮನೆಯ ಅಜ್ಜಿ ಬೆಲ್ಲ, ನೀರು ತಂದಿಟ್ಟು, ಯಾರ ಮನೆಯವಳು, ಒಬ್ಬಳೇ ಯಾಕೆ ಬಂದೆ, ಏನಾದರೂ ಹರಕೆಯೇ ಎಂದು ವಿಚಾರಿಸಿದರು. ಹರಕೆಯಲ್ಲ, ಸುಮ್ಮನೆ ನೋಡುವುದಕ್ಕೆ ಬಂದೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಬೂಟನ್ನೇ ನೋಡಿ, ತಾವು ಮದುವೆಯಾಗಿ ಬಂದ ಮೇಲೆ ಆ ಗುಡ್ಡದ ಆಚೆ ಬದಿಗೆ ಒಮ್ಮೆಯೂ ಹೋಗಿಲ್ಲ, ಅಲ್ಲಿ ಏನಿದೆ ಹೇಳು ಎಂದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಕೆರೆ, ಸಂಕ, ಪಾಳುಬಿದ್ದ ಒಂದು ಮನೆ, ಹೊಸದಾಗಿ ಎಬ್ಬಿಸಿದ ಅಡಿಕೆ ತೋಟ. ಪ್ರತಿಯೊಂದಕ್ಕೂ ಅವರು ಮರುಪ್ರಶ್ನೆ ಹಾಕಿದರು. ಒಬ್ಬ ಹೆಣ್ಣುಮಗಳು ತನಗೆ ಬೇಕೆಂದು ಹೊರಟು, ಬೇಕಾದಷ್ಟು ದೂರ ನಡೆದು, ಯಾರಿಗೂ ಲೆಕ್ಕ ಒಪ್ಪಿಸದೆ ಮನೆಗೆ ಬರುವುದೇ ನನ್ನ ಮಟ್ಟಿಗೆ ಗೆಲುವು. ಇದರಲ್ಲಿ ಕಿಲೋಮೀಟರಿನ ಪಾತ್ರ ಬಹಳ ಕಡಿಮೆ.

ಪಂಢರಾಪುರದ ದಾರಿ ಕಂಡವ, ಶಿಕಾರಿಪುರ

ಬಹಳ ಒಳ್ಳೆಯ ಮಾತು ಬರೆದಿರಿ, ಅಕ್ಕ.

ಕೊಪ್ಪದ ಅಡಿಕೆ ಬೆಳೆಗಾರ

ತುಂಗಾತೀರದವರ ನಿಯಮಕ್ಕೆ ಒಂದು ತೊಡಕಿದೆ, ಅದನ್ನು ಈಗಲೇ ಹೇಳುವುದು ಒಳ್ಳೆಯದು. ಶೃಂಗೇರಿ, ನೆಮ್ಮಾರಿನವರೆಗೆ ಊರು, ತೋಟ, ರಸ್ತೆ ಇದೆ. ತನಿಕೋಡಿನಿಂದ ಮುಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಗಂಗಾಮೂಲ ಅದರೊಳಗಿದೆ, ತುಂಗೆಯ ಜೊತೆ ಭದ್ರೆ, ನೇತ್ರಾವತಿಗಳೂ ಹುಟ್ಟುವ ಜಾಗ ಅದು. ಚೆಕ್‌ಪೋಸ್ಟಿನಲ್ಲಿ ವಾಹನಗಳಿಗೇ ಸಮಯದ ಮಿತಿ ಹಾಕಿ ಬಿಡುತ್ತಾರೆ, ನಡುವೆ ನಿಲ್ಲುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲ್ನಡಿಗೆಯಲ್ಲಿ ಒಳಗೆ ಹೋಗುವ ಯೋಚನೆಯನ್ನೇ ಮಾಡಬೇಡಿ. ಮುಂಚಿತವಾಗಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು ವಿಚಾರಿಸಿ, ಕೊಡಲೂಬಹುದು, ಇಲ್ಲವೆನ್ನಲೂಬಹುದು.

ತುಂಗಾತೀರದವಳು, ಶಿವಮೊಗ್ಗ

ಇದು ನಿಜಕ್ಕೂ ದೊಡ್ಡ ವಿಷಯ. ಅರ್ಜಿಯನ್ನು ಈ ವಾರವೇ ಕೊಡುತ್ತೇನೆ. ಅನುಮತಿ ಸಿಗದಿದ್ದರೆ ತನಿಕೋಡಿನ ಚೆಕ್‌ಪೋಸ್ಟೇ ನನ್ನ ಕೊನೆ. ಊರುಗಳನ್ನು ನೋಡಲು ಹೊರಟವಳಿಗೆ ಕೊನೆಯ ಊರಿನಲ್ಲಿ ನಿಲ್ಲುವುದರಿಂದ ನಷ್ಟವಿಲ್ಲ. ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಭದ್ರಾವತಿ

ಒಪ್ಪುವುದಿಲ್ಲ. ತನಿಕೋಡಿನಲ್ಲಿ ನಿಂತರೆ "ಕೂಡ್ಲಿಯಿಂದ ತನಿಕೋಡು" ಎಂದೇ ಹೇಳಿಕೊಳ್ಳಿ, ಗಂಗಾಮೂಲ ಎನ್ನಬೇಡಿ. ಹಾಗೆ ಹೇಳಿದರೆ ಅದು ಪೂರ್ತಿಯಾದ ನಡಿಗೆಯೇ, ನನ್ನ ತಕರಾರಿಲ್ಲ. ಕೂಡ್ಲಿಯಿಂದ ಶಿವಮೊಗ್ಗದವರೆಗೆ ನಾನೂ ಜೊತೆಗೆ ಬರುತ್ತೇನೆ, ತಾರೀಖು ತಿಳಿಸಿ.

ಸಾಗರದ ಚಾರಣಿಗ

ಮಂಡಗದ್ದೆಯಿಂದ ತೀರ್ಥಹಳ್ಳಿಗೆ ಹೆದ್ದಾರಿಯನ್ನು ಬಿಟ್ಟು ನದಿಯ ಆಚೆ ದಂಡೆಯ ಹಳ್ಳಿಗಳ ಮೂಲಕ ಹೋಗುವ ದಾರಿ ಗೊತ್ತಿದ್ದವರು ಇಲ್ಲಿ ಯಾರಾದರೂ ಇದ್ದೀರಾ? ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹೆಚ್ಚು, ಅಂಚಿನಲ್ಲಿ ನಡೆಯುವುದಕ್ಕೆ ಜಾಗವಿಲ್ಲ.

ತೀರ್ಥಹಳ್ಳಿಯ ಓದುಗಿ

ಕೆಲವು ತುಂಡು ನನಗೆ ಗೊತ್ತಿದೆ, ಪೂರ್ತಿ ಗೊತ್ತಿಲ್ಲ. ಭಾನುವಾರ ಹೋಗಿ ನೋಡಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.